ಸ್ನೀಕ್ಡ್ ಸರಿಯಾ, ಸ್ನಕ್ ಸರಿಯಾ? ಇಂಗ್ಲಿಷ್ ಕ್ರಿಯಾಪದಗಳ ಪೈಪೋಟಿಯನ್ನು ನೀವೇ ಪತ್ತೆ ಹಚ್ಚುವ ಬಗೆ

ಇಂಗ್ಲಿಷ್ ಕಲಿತವರೆಲ್ಲ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿಯೇ ಇರುತ್ತಾರೆ. ಗೋ, ವೆಂಟ್, ಗಾನ್. ಸಿಂಗ್, ಸ್ಯಾಂಗ್, ಸಂಗ್. ವಿ1, ವಿ2, ವಿ3 ಅಂತ ಮೂರು ಕಾಲಂ. ನೋಡಿದರೆ ಇದೆಲ್ಲ ಯಾವತ್ತೋ ತೀರ್ಮಾನವಾಗಿ ಮುಗಿದ ವಿಷಯ ಅನ್ನಿಸುತ್ತದೆ. ಆದರೆ ನಿಘಂಟು ತೆಗೆದರೆ ಒಂದೇ ಕ್ರಿಯಾಪದಕ್ಕೆ ಎರಡೆರಡು ರೂಪ ಸಿಗುತ್ತವೆ. ಬರ್ನ್ಡ್ ಇದೆ, ಬರ್ನ್ಟ್ ಕೂಡ ಇದೆ. ಡೈವ್ಡ್ ಇದೆ, ಡೋವ್ ಕೂಡ ಇದೆ. ಪ್ರೂವ್ಡ್, ಪ್ರೂವನ್ ಎರಡೂ ಓಡಾಡುತ್ತಿವೆ. ಕಳ್ಳಹೆಜ್ಜೆ ಇಟ್ಟು ನುಸುಳುವುದು ಅನ್ನುವ ಅರ್ಥದ ಸ್ನೀಕ್‌ಗೂ ಸ್ನೀಕ್ಡ್, ಸ್ನಕ್ ಅಂತ ಎರಡಿವೆ. ಅಲ್ಲಿಂದ ಜಗಳ ಶುರು. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ, ತಿದ್ದಿಸಿಕೊಂಡವರು ಪಾಪ ತಮ್ಮ ಇಂಗ್ಲಿಷೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಿದ್ದುವ ಅಗತ್ಯವೇ ಇರುವುದಿಲ್ಲ.

ಯಾವುದು ಸರಿ ಅಂತ ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ರೂಪ ಎಲ್ಲಿ ನಡೆಯುತ್ತದೆ, ಯಾವಾಗ ಬಂತು, ಯಾವ ಅರ್ಥಕ್ಕೆ ಅಂಟಿಕೊಂಡಿದೆ, ಈಗ ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಕೇಳಿದರೆ ಸಿಗುತ್ತದೆ. ಅದನ್ನು ಕಂಡುಕೊಳ್ಳಲು ಭಾಷಾಶಾಸ್ತ್ರದ ಡಿಗ್ರಿ ಬೇಕಿಲ್ಲ. ಇಂಟರ್ನೆಟ್ ಇದ್ದರೆ, ಒಂದು ಜೋಡಿಗೆ ಅರ್ಧ ಗಂಟೆ ಕೊಡುವ ತಾಳ್ಮೆ ಇದ್ದರೆ ಸಾಕು.

ಹೆಜ್ಜೆ 1: ಎರಡು ಬಣಗಳನ್ನು ಗುರುತು ಮಾಡಿಕೊಳ್ಳಿ

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಮುಖ್ಯವಾಗಿ ಎರಡು ಬಗೆಯಲ್ಲಿ ಭೂತಕಾಲಕ್ಕೆ ಹೋಗುತ್ತಿದ್ದವು. ಒಂದು ಬಗೆ ಒಳಗಿನ ಸ್ವರವನ್ನೇ ಬದಲಿಸುತ್ತದೆ: ಸಿಂಗ್, ಸ್ಯಾಂಗ್, ಸಂಗ್. ಇವನ್ನು ಸ್ಟ್ರಾಂಗ್ ಕ್ರಿಯಾಪದ ಅನ್ನುತ್ತಾರೆ. ಸ್ವರ ಹೇಗೆ ಬದಲಾಗುತ್ತದೆ ಅನ್ನುವುದರ ಮೇಲೆ ಇವುಗಳಲ್ಲೇ ಏಳು ವರ್ಗಗಳಿದ್ದವು. ಅಂದರೆ ಈಗ ನಮಗೆ ಅಡ್ಡಾದಿಡ್ಡಿಯಾಗಿ ಕಾಣುವುದು ಆ ಕಾಲಕ್ಕೆ ಒಂದು ಕ್ರಮವೇ ಆಗಿತ್ತು. ಇನ್ನೊಂದು ಬಗೆ ಕೊನೆಗೆ ಡ ಅಥವಾ ಟ ಸದ್ದು ಸೇರಿಸುತ್ತದೆ: ಲವ್, ಲವ್ಡ್. ಇವು ವೀಕ್ ಕ್ರಿಯಾಪದಗಳು. ಕೊನೆಗೆ ಗೆದ್ದಿದ್ದು ಈ ವೀಕ್ ಬಣವೇ. ಹೊಸದಾಗಿ ಹುಟ್ಟುವ ಕ್ರಿಯಾಪದಗಳು ಹೆಚ್ಚು ಕಡಿಮೆ ಎಲ್ಲವೂ ಈ ದಾರಿಯನ್ನೇ ಹಿಡಿಯುತ್ತವೆ. ಗೂಗಲ್ಡ್, ಟೆಕ್ಸ್ಟೆಡ್ ನೋಡಿ.

ಆದರೆ ಇರ್ರೆಗ್ಯುಲರ್ ಅಂತ ಕರೆಸಿಕೊಳ್ಳುವುದೆಲ್ಲ ಸ್ಟ್ರಾಂಗ್ ಅಲ್ಲ. ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್ ಕೊನೆಯಲ್ಲಿ ಟ ಇದೆ, ಜೊತೆಗೆ ಸ್ವರ ಗಿಡ್ಡವಾಗಿದೆ, ಅಷ್ಟೇ. ಪುಟ್, ಕಟ್, ಹಿಟ್ ಇಂಥವು ಮೂರೂ ಕಾಲಂನಲ್ಲಿ ಹಾಗೇ ಇರುತ್ತವೆ. ಟ ಅಥವಾ ಡ ಸದ್ದಿನಲ್ಲಿ ಮುಗಿಯುವ ಪದಕ್ಕೆ ಅದೇ ಸದ್ದನ್ನು ಮತ್ತೆ ಸೇರಿಸಿದರೆ ಒಂದರೊಳಗೊಂದು ಕರಗಿಬಿಡುತ್ತದೆ, ಅದು ಕಾರಣ. ಇನ್ನು ಗೋ-ವೆಂಟ್ ಕಥೆಯೇ ಬೇರೆ. ವೆಂಟ್ ಅನ್ನುವುದು ವೆಂಡ್ ಅನ್ನುವ ಬೇರೆ ಕ್ರಿಯಾಪದದ ಭೂತರೂಪ. ಅದು ಗೋ ಮನೆಗೆ ಬಂದು ನೆಲೆ ನಿಂತಿತು, ವೆಂಡ್ ತನಗೆ ವೆಂಡೆಡ್ ಅನ್ನುವ ಹೊಸ ರೂಪ ಮಾಡಿಕೊಂಡಿತು.

ನೀವು ಹಿಡಿದ ಪದ ಯಾವ ಗುಂಪಿನದು ಅಂತ ಮೊದಲೇ ಗೊತ್ತಿದ್ದರೆ ಮುಂದಿನ ಕೆಲಸ ಹಗುರ.

ಹೆಜ್ಜೆ 2: ಜೋಡಿಯನ್ನು ಕಾಗದದ ಮೇಲೆ ಬಿಡಿಸಿ

ಒಂದು ಕ್ರಿಯಾಪದ ಆರಿಸಿ. ಅದರ ವಿ2ಗೆ ಯಾವ ಯಾವ ರೂಪ ಇದೆ, ವಿ3ಗೆ ಯಾವ ರೂಪ ಇದೆ ಅಂತ ಬೇರೆ ಬೇರೆ ಬರೆಯಿರಿ. ಎರಡನ್ನೂ ಒಟ್ಟಿಗೆ ಸೇರಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಪ್ರೂವ್ ತೆಗೆದುಕೊಳ್ಳಿ. ಅಲ್ಲಿ ವಿ2ನಲ್ಲಿ ಪೈಪೋಟಿಯೇ ಇಲ್ಲ, ಪ್ರೂವ್ಡ್ ಒಂದೇ. ಜಗಳ ಇರುವುದು ವಿ3ನಲ್ಲಿ, ಹ್ಯಾಸ್ ಪ್ರೂವ್ಡ್ ಮತ್ತು ಹ್ಯಾಸ್ ಪ್ರೂವನ್ ನಡುವೆ. ಡೈವ್ ಇದಕ್ಕೆ ಉಲ್ಟಾ. ಡೋವ್ ಬರುವುದು ವಿ2ನಲ್ಲಿ, ವಿ3 ಬಹುಪಾಲು ಡೈವ್ಡ್ ಆಗಿಯೇ ಉಳಿದಿದೆ.

ಆಮೇಲೆ ಅರ್ಥ ಸೀಳಿಕೊಂಡಿದೆಯಾ ನೋಡಿ. ಹ್ಯಾಂಗ್‌ಗೆ ಹಂಗ್ ಮತ್ತು ಹ್ಯಾಂಗ್ಡ್ ಎರಡೂ ಇವೆ, ಆದರೆ ಗೋಡೆಗೆ ಚಿತ್ರ ತೂಗುಹಾಕಿದರೆ ಹಂಗ್, ಗಲ್ಲಿಗೇರಿಸಿದರೆ ಹ್ಯಾಂಗ್ಡ್. ಕೋರ್ಟಿನ ಭಾಷೆ ಬೇಗ ಬದಲಾಗುವುದಿಲ್ಲ, ಹಾಗಾಗಿ ಹಳೆಯ ಹ್ಯಾಂಗ್ಡ್ ಶಿಕ್ಷೆಯ ಅರ್ಥದಲ್ಲಿ ಉಳಿದುಕೊಂಡಿತು. ಶೈನ್ ಕೂಡ ಹೀಗೆಯೇ. ಸೂರ್ಯ ಹೊಳೆದರೆ ಶೋನ್, ಬೂಟಿಗೆ ಪಾಲಿಶ್ ಹಾಕಿ ಹೊಳಪು ತಂದರೆ ಶೈನ್ಡ್. ಬೇಸ್‌ಬಾಲ್‌ನಲ್ಲಿ ಚೆಂಡು ಮೇಲಕ್ಕೆ ಹೊಡೆದು ಔಟಾದವನನ್ನು ಫ್ಲೈಡ್ ಔಟ್ ಅನ್ನುತ್ತಾರೆ, ಫ್ಲೂ ಔಟ್ ಅನ್ನುವುದು ಅಪರೂಪ. ಯಾಕೆಂದರೆ ಅದು ಫ್ಲೈ ಬಾಲ್ ಅನ್ನುವ ನಾಮಪದದಿಂದ ಹುಟ್ಟಿದ ಕ್ರಿಯಾಪದ. ನಾಮಪದದ ಮೂಲಕ ಬಂದವು ಹಳೆಯ ಸ್ವರ ಬದಲಾವಣೆಯನ್ನು ಸಾಮಾನ್ಯವಾಗಿ ಕೈಬಿಡುತ್ತವೆ. ಇಂಥ ಕಡೆ ಎರಡೂ ರೂಪ ತಂತಮ್ಮ ಕೆಲಸ ಹಂಚಿಕೊಂಡಿವೆ, ಅವನ್ನು ಪೈಪೋಟಿ ಅಂತ ಎಣಿಸಬೇಡಿ.

ಹೆಜ್ಜೆ 3: ಮೊದಲು ಇದ್ದಿದ್ದು ಯಾವುದು ಅಂತ ನೋಡಿ

ಇದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಆವೃತ್ತಿ ನೋಡಿ, ಜೇಬಿನಲ್ಲಿ ಹಿಡಿಯುವ ಚಿಕ್ಕದಲ್ಲ. ಚಂದಾ ಬೇಕಾಗುತ್ತದೆ, ಆದರೆ ಎಷ್ಟೋ ಗ್ರಂಥಾಲಯಗಳಲ್ಲಿ ಸದಸ್ಯರಿಗೆ ಉಚಿತವಾಗಿ ಸಿಗುತ್ತದೆ. ಪ್ರತಿ ಕ್ರಿಯಾಪದಕ್ಕೂ ಯಾವ ಶತಮಾನದಲ್ಲಿ ಯಾವ ರೂಪ ಇತ್ತು ಅನ್ನುವ ಪಟ್ಟಿ ಅಲ್ಲಿದೆ. ಆ ಪಟ್ಟಿಯನ್ನು ದಯವಿಟ್ಟು ದಾಟಿಕೊಂಡು ಹೋಗಬೇಡಿ, ಅಸಲಿ ಮಾಲು ಅಲ್ಲೇ ಇರುವುದು.

ಮೊದಲ ಸಲ ನೋಡುವವರಿಗೆ ಗಾಬರಿ ಹುಟ್ಟಿಸುವ ಉದಾಹರಣೆ ಹೆಲ್ಪ್. ಇವತ್ತು ಇಷ್ಟು ಸಾಧುವಾಗಿ ಹೆಲ್ಪ್ಡ್ ಅನ್ನಿಸಿಕೊಳ್ಳುವ ಈ ಪದಕ್ಕೆ ಹಿಂದೆ ಹೋಲ್ಪ್, ಹೋಲ್ಪನ್ ಅನ್ನುವ ರೂಪಗಳಿದ್ದವು. 1611ರ ಕಿಂಗ್ ಜೇಮ್ಸ್ ಬೈಬಲ್ ತೆರೆದು ಲ್ಯೂಕನ ಮೊದಲ ಅಧ್ಯಾಯ ಓದಿ, ದೇವರು ತನ್ನ ಸೇವಕನಾದ ಇಸ್ರೇಲಿಗೆ ನೆರವಾದ ಅನ್ನುವ ಕಡೆ ಹ್ಯಾತ್ ಹೋಲ್ಪನ್ ಅಂತಲೇ ಇದೆ. ಕ್ಲೈಂಬ್‌ಗೆ ಕ್ಲೋಮ್ ಇತ್ತು. ವರ್ಕ್‌ಗೆ ರಾಟ್ ಇತ್ತು, ಅದು ಈಗ ರಾಟ್ ಐರನ್ ಅನ್ನುವ ಕಬ್ಬಿಣದ ಹೆಸರಿನಲ್ಲಿ ಕೂತಿದೆ. ಮೆಲ್ಟ್‌ನ ಹಳೆಯ ವಿ3 ಮೋಲ್ಟನ್. ಕ್ರಿಯಾಪದವಾಗಿ ಸತ್ತಿತು, ಕರಗಿದ ಲೋಹ ಅಥವಾ ಲಾವಾದ ವಿಶೇಷಣವಾಗಿ ಬದುಕಿತು. ಹಳೆಯ ರೂಪ ಪೂರ್ತಿ ಕಳೆದುಹೋಗಿದೆ ಅಂದುಕೊಳ್ಳುವ ಮೊದಲು ವಿಶೇಷಣಗಳಲ್ಲಿ ಹುಡುಕಿ. ಶೇವನ್, ಸಂಕನ್, ಡ್ರಂಕನ್ ಎಲ್ಲ ಅಲ್ಲಿ ಸಿಗುತ್ತವೆ.

ಇಷ್ಟು ನೋಡಿದ ಮೇಲೆ, ಎಲ್ಲವೂ ನಿಧಾನವಾಗಿ ರೆಗ್ಯುಲರ್ ಆಗುತ್ತಿವೆ, ಅಷ್ಟೇ ತಾನೇ ಅನ್ನಿಸುತ್ತದೆ. ಅಲ್ಲ. ಈ ತಪ್ಪು ತಿಳಿವಳಿಕೆ ತುಂಬಾ ಕಡೆ ಕಾಣುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ 1611ರ ಬೈಬಲ್ಲಿನಲ್ಲಿ ಬಾವಿ ತೋಡಿದರು ಅನ್ನುವುದಕ್ಕೆ ಡಿಗ್ಡ್ ಅಂತ ಇದೆ. ಈಗ ನಾವು ಹೇಳುವುದು ಡಗ್. ಅಂದರೆ ರೆಗ್ಯುಲರ್ ಆಗಿದ್ದ ಪದ ಇರ್ರೆಗ್ಯುಲರ್ ಆಯಿತು! ವೇರ್ ಹಳೆಯ ಇಂಗ್ಲಿಷಿನಲ್ಲಿ ವೀಕ್ ಬಣದಲ್ಲಿತ್ತು, ಬೇರ್-ಬೋರ್ ಥರದ ಪದಗಳ ಸಹವಾಸದಲ್ಲಿ ವೋರ್, ವೋರ್ನ್ ಆಯಿತು. ರಿಂಗ್ ಕೂಡ ಸಿಂಗ್ ನೋಡಿ ರ‍್ಯಾಂಗ್, ರಂಗ್ ಆಗಿದ್ದು. ಕ್ಯಾಚ್, ಸ್ಟ್ರೈವ್ ಎರಡೂ ಫ್ರೆಂಚಿನಿಂದ ಬಂದ ಪದಗಳು, ಹೊರಗಿನಿಂದ ಬಂದರೂ ಕಾಟ್, ಸ್ಟ್ರೋವ್ ಅನ್ನುವ ಅಪ್ಪಟ ದೇಶೀ ವೇಷ ಹಾಕಿಕೊಂಡವು. ಸ್ನಕ್ ಈ ಸಾಲಿಗೆ ಸೇರಿದ ಹೊಸಬ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಕಾಣಿಸಿಕೊಂಡಿತು, ಅಲ್ಲಿಯವರೆಗೆ ಇದ್ದಿದ್ದು ಸ್ನೀಕ್ಡ್.

ಹೆಜ್ಜೆ 4: ಎನ್‌ಗ್ರಾಮ್ ವ್ಯೂವರ್‌ನಲ್ಲಿ ಗೆರೆ ಎಳೆಸಿ

ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್ 2010ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಸ್ಕ್ಯಾನ್ ಮಾಡಿದ ಲಕ್ಷಗಟ್ಟಲೆ ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಸಲ ಬಂದಿದೆ ಅಂತ ಗ್ರಾಫ್ ತೋರಿಸುತ್ತದೆ. ಸ್ನೀಕ್ಡ್, ಸ್ನಕ್ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ನಡುವೆ ಅಲ್ಪವಿರಾಮ ಹಾಕಿ ಟೈಪ್ ಮಾಡಿ. ವರ್ಷ 1850ರಿಂದ ಶುರು ಮಾಡಿ. ಅಮೆರಿಕನ್ ಇಂಗ್ಲಿಷ್ ಆರಿಸಿಕೊಂಡರೆ ಸ್ನಕ್ ಗೆರೆ ತುಂಬಾ ವರ್ಷ ನೆಲಕ್ಕೆ ಅಂಟಿಕೊಂಡಿದ್ದು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಕಡಿದಾಗಿ ಮೇಲೇಳುವುದು ಕಾಣುತ್ತದೆ. ಆಮೇಲೆ ಬ್ರಿಟಿಷ್ ಇಂಗ್ಲಿಷಿಗೆ ಬದಲಿಸಿ. ಅಲ್ಲಿ ಅದೇ ಏರಿಕೆ ತಡವಾಗಿ ಬರುತ್ತದೆ. ಎರಡು ಗ್ರಾಫನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ, ಸಾಗರ ದಾಟಿದ ಪದವೊಂದರ ಹೆಜ್ಜೆ ಗುರುತು ನಿಮ್ಮ ಮುಂದಿರುತ್ತದೆ.

ಗೆರೆಯ ಎತ್ತರ ನೋಡಿ ತೀರ್ಮಾನ ಮಾಡಬೇಡಿ. ಎತ್ತರ ಹೇಳುವುದು ಆ ವರ್ಷ ಅಚ್ಚಾದ ಒಟ್ಟು ಪದಗಳಲ್ಲಿ ಈ ಪದದ ಪಾಲು ಎಷ್ಟು ಅಂತ. ನಮಗೆ ಬೇಕಾಗಿರುವುದು ಎರಡರ ನಡುವಿನ ಪಾಲು. ಅದಕ್ಕೆ ಆವರಣ ಹಾಕಿ, ಸ್ನಕ್ ಅನ್ನು ಸ್ನಕ್ ಮತ್ತು ಸ್ನೀಕ್ಡ್ ಕೂಡಿದ ಮೊತ್ತದಿಂದ ಭಾಗಿಸುವಂತೆ ಓರೆಗೆರೆ ಮತ್ತು ಪ್ಲಸ್ ಗುರುತು ಬಳಸಿ ಬರೆಯಿರಿ. ಈಗ ಒಂದೇ ಗೆರೆ ಬರುತ್ತದೆ. ಅದು ಅರ್ಧವನ್ನು ದಾಟಿದ ವರ್ಷವೇ ಹೊಸ ರೂಪ ಹಳೆಯದನ್ನು ಹಿಂದೆ ಹಾಕಿದ ವರ್ಷ. ಸ್ಮೂತಿಂಗ್ ಅಂತ ಒಂದು ಆಯ್ಕೆ ಇದೆ, ಅದು 3 ಇದ್ದರೆ ಪ್ರತಿ ವರ್ಷದ ಅಂಕಿಯನ್ನು ಹಿಂದಿನ ಮೂರು, ಮುಂದಿನ ಮೂರು ವರ್ಷಗಳ ಜೊತೆ ಸೇರಿಸಿ ಸರಾಸರಿ ತೋರಿಸುತ್ತದೆ. ನೋಡಲು ಚೆಂದ, ಆದರೆ ಒಂದು ಸಲ 0 ಇಟ್ಟು ನೋಡಲೇಬೇಕು. ಅಂಕಿಗಳು ಎಷ್ಟು ಕುಣಿಯುತ್ತವೆ ಅಂತ ಆಗ ಗೊತ್ತಾಗುತ್ತದೆ.

ಇಲ್ಲಿ ಎಡವುವ ಜಾಗಗಳೂ ಜಾಸ್ತಿ. ಡೋವ್ ಅಂತ ಹುಡುಕಿದರೆ ಪಾರಿವಾಳಗಳೆಲ್ಲ ಹಾರಿಬರುತ್ತವೆ, ಎರಡಕ್ಕೂ ಅಕ್ಷರ ಒಂದೇ. ಪದದ ಕೊನೆಗೆ ಅಡಿಗೆರೆ ಹಾಕಿ ವರ್ಬ್ ಅಂತ ದೊಡ್ಡಕ್ಷರದಲ್ಲಿ ಸೇರಿಸಿದರೆ ಕ್ರಿಯಾಪದವನ್ನು ಮಾತ್ರ ಎಣಿಸಲು ಅದು ಪ್ರಯತ್ನಿಸುತ್ತದೆ, ಪೂರ್ತಿ ನಂಬುವ ಹಾಗಿಲ್ಲ. ಅದಕ್ಕಿಂತ ಒಳ್ಳೆಯ ಉಪಾಯ ಪದಗುಚ್ಛ ಕೊಡುವುದು. ಡೋವ್ ಇಂಟು ಮತ್ತು ಡೈವ್ಡ್ ಇಂಟು ಹೋಲಿಸಿ, ಪಾರಿವಾಳ ತಾನಾಗಿ ಜಾಗ ಖಾಲಿ ಮಾಡುತ್ತದೆ. ವಿ3 ಬೇಕಿದ್ದರೆ ಮುಂದೆ ಹ್ಯಾಡ್ ಸೇರಿಸಿ: ಹ್ಯಾಡ್ ಸ್ನೀಕ್ಡ್, ಹ್ಯಾಡ್ ಸ್ನಕ್.

1800ಕ್ಕೆ ಹಿಂದೆ ಹೋದರೆ ಇನ್ನೊಂದು ತೊಂದರೆ, ನನಗೆ ಇದು ತುಂಬಾ ಇಷ್ಟದ ವಿಷಯ ಕೂಡ. ಆ ಕಾಲದ ಮುದ್ರಣದಲ್ಲಿ ಪದದ ಶುರುವಿನ ಮತ್ತು ನಡುವಿನ ಎಸ್ ಅಕ್ಷರವನ್ನು ಉದ್ದಕ್ಕೆ ಬರೆಯುತ್ತಿದ್ದರು, ನೋಡಲು ಥೇಟ್ ಎಫ್ ಥರ. ಕಂಪ್ಯೂಟರ್ ಅದನ್ನು ಎಫ್ ಅಂತಲೇ ಓದಿಬಿಡುತ್ತದೆ. ಹಾಗಾಗಿ ಹುಡುಕಿದರು ಅನ್ನುವ ಸಾಟ್, ಹೋರಾಡಿದರು ಅನ್ನುವ ಫಾಟ್ ಆಗುತ್ತದೆ. ಕೊಂದರು ಅನ್ನುವ ಸ್ಲೂ, ಹಾರಿದರು ಅನ್ನುವ ಫ್ಲೂ ಆಗುತ್ತದೆ. ಸುಮ್ನೆ ಗ್ರಾಫ್ ನಂಬಿದರೆ ಹದಿನೆಂಟನೇ ಶತಮಾನದವರು ಬರೀ ಹಾರುತ್ತಾ ಹೋರಾಡುತ್ತಾ ಇದ್ದರು ಅಂದುಕೊಳ್ಳಬೇಕಾಗುತ್ತದೆ. ಹೊಸ ಆವೃತ್ತಿಗಳಲ್ಲಿ ಇದು ಕಡಿಮೆಯಾಗಿದೆ, ಆದರೂ ಎಸ್‌ನಿಂದ ಶುರುವಾಗುವ ಪದಗಳಿಗೆ 1800ರ ನಂತರದ ಭಾಗವನ್ನೇ ನಂಬುವುದು ಕ್ಷೇಮ. ಹಳೆಯ ಪುಸ್ತಕಗಳ ಮರುಮುದ್ರಣವೂ ಹೊಸ ವರ್ಷದ ಲೆಕ್ಕಕ್ಕೆ ಸೇರಿಕೊಂಡಿರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ವಿಜ್ಞಾನದ ಪುಸ್ತಕಗಳು ಜಾಸ್ತಿಯಾಗುವುದರಿಂದ ಕಥೆಯಲ್ಲಿ ಬರುವ ಪದಗಳು ಇಳಿದಂತೆ ಕಾಣಬಹುದು. ಇಂಗ್ಲಿಷ್ ಫಿಕ್ಷನ್ ಅನ್ನುವ ಆಯ್ಕೆಯಲ್ಲಿ ಮತ್ತೊಮ್ಮೆ ನೋಡಿ.

ಹೆಜ್ಜೆ 5: ವಾಕ್ಯಗಳನ್ನು ಓದಿ

ಗ್ರಾಫ್ ಎಣಿಕೆ ಹೇಳುತ್ತದೆ. ಆ ರೂಪವನ್ನು ಯಾರು, ಎಂಥ ಕಡೆ ಬಳಸುತ್ತಾರೆ ಅನ್ನುವುದು ವಾಕ್ಯ ಓದಿದರೆ ಮಾತ್ರ ಗೊತ್ತಾಗುತ್ತದೆ. ಇದಕ್ಕೆ ಕಾರ್ಪಸ್ ಬೇಕು, ಅಂದರೆ ಅಳೆದು ತೂಗಿ ಕೂಡಿಸಿಟ್ಟ ಪಠ್ಯಗಳ ಸಂಗ್ರಹ. ಅಮೆರಿಕನ್ ಇಂಗ್ಲಿಷಿಗೆ ಎರಡಿವೆ. ಕೋಹಾ (ಕಾರ್ಪಸ್ ಆಫ್ ಹಿಸ್ಟಾರಿಕಲ್ ಅಮೆರಿಕನ್ ಇಂಗ್ಲಿಷ್) 1820ರ ದಶಕದಿಂದ 2010ರ ದಶಕದವರೆಗಿನ 47 ಕೋಟಿಗೂ ಜಾಸ್ತಿ ಪದಗಳದ್ದು, ಕೋಕಾ (ಕಾರ್ಪಸ್ ಆಫ್ ಕಾಂಟೆಂಪರರಿ ಅಮೆರಿಕನ್ ಇಂಗ್ಲಿಷ್) 1990ರಿಂದ 2019ರವರೆಗಿನ ಸುಮಾರು 100 ಕೋಟಿ ಪದಗಳದ್ದು. ಬ್ರಿಟಿಷ್ ಇಂಗ್ಲಿಷಿಗೆ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದೆ. ಮೂರಕ್ಕೂ ಉಚಿತವಾಗಿ ಹೆಸರು ನೋಂದಾಯಿಸಿ ಬಳಸಬಹುದು.

ಎರಡೂ ರೂಪಗಳಿಗೆ ಇಪ್ಪತ್ತು, ಮೂವತ್ತು ವಾಕ್ಯ ಓದಿ. ಬರ್ನ್ಟ್ ಮತ್ತು ಬರ್ನ್ಡ್ ಜೋಡಿಯನ್ನು ಹೀಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಅಮೆರಿಕನ್ನರು ಕ್ರಿಯಾಪದವಾಗಿ ಬರ್ನ್ಡ್ ಬರೆದರೂ, ಸುಟ್ಟ ವಾಸನೆ ಅನ್ನುವಂಥ ಕಡೆ ನಾಮಪದದ ಮುಂದೆ ಬರ್ನ್ಟ್ ಚೆನ್ನಾಗಿಯೇ ಬಳಸುತ್ತಾರೆ. ಗಾಟ್ ಮತ್ತು ಗಾಟನ್ ಇನ್ನೂ ಸೂಕ್ಷ್ಮ. ಗಾಟನ್ ಅಮೆರಿಕನ್ನರು ಹುಟ್ಟಿಸಿದ್ದು ಅಂತ ತುಂಬಾ ಜನ ನಂಬಿದ್ದಾರೆ. ಅದು ಹಳೆಯ ಇಂಗ್ಲೆಂಡಿನದೇ ರೂಪ. ಬ್ರಿಟನ್ನಿನ ಶಿಷ್ಟ ಭಾಷೆ ಅದನ್ನು ಬಿಟ್ಟಿತು, ಅಮೆರಿಕ ಉಳಿಸಿಕೊಂಡಿತು. ಫರ್ಗಾಟನ್ ಎರಡೂ ಕಡೆ ಇಂದಿಗೂ ಇದೆಯಲ್ಲ, ಅದೇ ಸಾಕ್ಷಿ. ಅಮೆರಿಕನ್ನರ ಬಾಯಲ್ಲಿ ಐ ಹ್ಯಾವ್ ಗಾಟ್ ಅಂದರೆ ನನ್ನ ಹತ್ತಿರ ಇದೆ, ಐ ಹ್ಯಾವ್ ಗಾಟನ್ ಅಂದರೆ ನನಗೆ ಸಿಕ್ಕಿತು, ದಕ್ಕಿತು. ಎರಡೂ ರೂಪ ಇದ್ದಿದ್ದರಿಂದ ಭಾಷೆಗೆ ಹೀಗೊಂದು ಅನುಕೂಲ ಆಯಿತು.

ಹೆಜ್ಜೆ 6: ಯಾಕೆ ಗೆದ್ದಿತು ಅಂತ ಕೇಳಿ

ಮೊದಲ ಕಾರಣ ಬಳಕೆ. ದಿನಾ ತುಳಿಯುವ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಬಿ, ಹ್ಯಾವ್, ಡೂ, ಸೇ, ಗೋ, ಗೆಟ್ ಹೀಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳೂ ಇರ್ರೆಗ್ಯುಲರ್. ಕನ್ನಡದಲ್ಲೂ ಬರು-ಬಂದ, ಕೊಡು-ಕೊಟ್ಟ, ಬೀಳು-ಬಿದ್ದ ಥರದವು ದಿನಬಳಕೆಯ ಪದಗಳೇ ಅಲ್ವಾ? ಅಪರೂಪಕ್ಕೆ ಬರುವ ಪದದ ವಿಚಿತ್ರ ರೂಪ ನೆನಪಿನಿಂದ ಜಾರುತ್ತದೆ, ಆಗ ಬಾಯಿ ಎಲ್ಲದಕ್ಕೂ ನಡೆಯುವ ಡ ಸದ್ದನ್ನು ಸೇರಿಸಿಬಿಡುತ್ತದೆ. 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಹಳೆಯ ಇಂಗ್ಲಿಷಿನ 177 ಇರ್ರೆಗ್ಯುಲರ್ ಕ್ರಿಯಾಪದಗಳನ್ನು ಹಿಡಿದು ನೋಡಿದರೆ, ಮಧ್ಯಕಾಲದ ಇಂಗ್ಲಿಷಿನಲ್ಲಿ 145, ಈಗ 98 ಹಾಗೇ ಉಳಿದಿವೆ. ಬಳಕೆ ನೂರು ಪಟ್ಟು ಕಡಿಮೆ ಇರುವ ಪದ ಹತ್ತು ಪಟ್ಟು ಬೇಗ ರೆಗ್ಯುಲರ್ ಆಗುತ್ತದೆ. ಲೆಕ್ಕ ಸೊಗಸಾಗಿದೆ, ಆದರೆ ಒಂದು ಮಿತಿ ನೆನಪಿರಲಿ. ಅವರು ಶುರು ಮಾಡಿದ್ದು ಆಗ ಇರ್ರೆಗ್ಯುಲರ್ ಆಗಿದ್ದವುಗಳಿಂದ. ಡಗ್, ವೋರ್, ಸ್ನಕ್ ಥರ ಆಮೇಲೆ ಬಂದು ಸೇರಿದವರು ಆ ಲೆಕ್ಕದಲ್ಲಿಲ್ಲ.

ಹಾಗೆ ಬಂದು ಸೇರಿದವರಿಗೆ ಕಾರಣ ನೆರೆಹೊರೆ. ಸ್ಟಿಕ್-ಸ್ಟಕ್, ಸ್ಟ್ರೈಕ್-ಸ್ಟ್ರಕ್, ಡಿಗ್-ಡಗ್, ಕ್ಲಿಂಗ್-ಕ್ಲಂಗ್, ಫ್ಲಿಂಗ್-ಫ್ಲಂಗ್, ಸ್ವಿಂಗ್-ಸ್ವಂಗ್. ಜೋರಾಗಿ ಓದಿ ನೋಡಿ. ಕೊನೆಗೆ ಕ, ಗ ಅಥವಾ ಮೂಗಿನ ಸದ್ದು, ನಡುವೆ ಅ. ಸ್ನಕ್ ಈ ಗುಂಪಿಗೆ ಸಲೀಸಾಗಿ ಹೊಂದಿಕೊಂಡಿತು. 1958ರಲ್ಲಿ ಜೀನ್ ಬರ್ಕೊ ಅನ್ನುವ ಸಂಶೋಧಕಿ ಇಲ್ಲದ ಪದಗಳನ್ನು ಕಟ್ಟಿ ಪರೀಕ್ಷೆ ಮಾಡಿದಾಗ, ಗ್ಲಿಂಗ್ ಅನ್ನುವ ಸುಳ್ಳು ಪದಕ್ಕೆ ದೊಡ್ಡವರಲ್ಲಿ ಎಷ್ಟೋ ಜನ ಗ್ಲ್ಯಾಂಗ್, ಗ್ಲಂಗ್ ಅಂದರು, ಮಕ್ಕಳು ಹೆಚ್ಚಾಗಿ ಗ್ಲಿಂಗ್ಡ್ ಅಂದರು. ಹಳೆಯ ಸ್ವರ ಬದಲಾವಣೆ ಸತ್ತ ನಿಯಮ ಅಲ್ಲ, ಸದ್ದು ಹೊಂದಿದರೆ ಈಗಲೂ ಎದ್ದು ಕೂರುತ್ತದೆ.

ಇನ್ನೊಂದು ದಾರಿ, ವಿ3 ಬಂದು ವಿ2ನ ಜಾಗ ಹಿಡಿಯುವುದು. ಹಿಂದೆ ಮಾತಾಡಿದ ಅನ್ನಲು ಸ್ಪೇಕ್, ಮುರಿದ ಅನ್ನಲು ಬ್ರೇಕ್ ಅನ್ನುತ್ತಿದ್ದರು. ಸ್ಪೋಕನ್, ಬ್ರೋಕನ್‌ನಲ್ಲಿದ್ದ ಸ್ವರ ವಿ2ಗೂ ಹರಡಿ ಸ್ಪೋಕ್, ಬ್ರೋಕ್ ಆಯಿತು. ಇದರ ಉಲ್ಟಾ ಕೂಡ ನಡೆದಿದೆ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಹ್ಯಾವ್ ಸ್ಪೋಕ್ ಸಿಗುತ್ತದೆ, ಹದಿನೆಂಟನೇ ಶತಮಾನದ ಒಳ್ಳೊಳ್ಳೆಯ ಬರಹಗಾರರು ಹ್ಯಾವ್ ರೋಟ್ ಬರೆಯುತ್ತಿದ್ದರು. 1762ರ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಇಂಥವನ್ನು ತಪ್ಪು ಅಂದ. ಆಮೇಲಿನ ವ್ಯಾಕರಣ ಪುಸ್ತಕಗಳೂ, ಶಾಲೆಗಳೂ ಅದೇ ದಾರಿ ಹಿಡಿದವು, ಹ್ಯಾವ್ ರಿಟನ್ ಗಟ್ಟಿಯಾಯಿತು.

ಹೆಜ್ಜೆ 7: ನಿಮ್ಮ ಬರಹಕ್ಕೆ ಯಾವುದು?

ಇಷ್ಟಾದ ಮೇಲೆ ತೀರ್ಮಾನ ಸುಲಭ. ಬ್ರಿಟಿಷ್ ಕಾಗುಣಿತದಲ್ಲಿ ಬರೆಯುತ್ತಿದ್ದರೆ ಲರ್ನ್ಟ್, ಸ್ಪೆಲ್ಟ್, ಡ್ರೆಮ್ಟ್ ಸರಿ, ಲರ್ನ್ಡ್ ಕೂಡ ಅಲ್ಲಿ ತಪ್ಪಲ್ಲ. ಅಮೆರಿಕನ್ ಓದುಗರಿಗೆ ಬರೆಯುತ್ತಿದ್ದರೆ ಲರ್ನ್ಡ್, ಸ್ಪೆಲ್ಡ್ ಹಾಕಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಪರೀಕ್ಷೆ ಬರೆಯುವವರು, ಅರ್ಜಿ ಬರೆಯುವವರು ಸ್ನೀಕ್ಡ್, ಡೈವ್ಡ್ ಹಿಡಿದುಕೊಳ್ಳುವುದು ಒಳ್ಳೆಯದು. ಅವು ಎಲ್ಲ ಕಡೆ ನಡೆಯುತ್ತವೆ, ಸ್ನಕ್ ಕೆಲವರ ಕಣ್ಣಿಗೆ ಇನ್ನೂ ಸಲುಗೆಯ ಮಾತಿನಂತೆ ಕಾಣುತ್ತದೆ. ಕಥೆಯಲ್ಲಿ ಅಮೆರಿಕದ ಹದಿಹರೆಯದ ಪಾತ್ರ ಮಾತಾಡುತ್ತಿದ್ದರೆ ಮಾತ್ರ ಸ್ನಕ್ ಅನ್ನೇ ಬರೆಯಿರಿ.

ಬೇರೆಯವರ ಬರಹ ತಿದ್ದುವವರಿಗೆ ನನ್ನ ಕಳಕಳಿಯ ಮನವಿ ಒಂದಿದೆ. ನಿಮಗೆ ವಿಚಿತ್ರ ಅನ್ನಿಸಿದ ರೂಪವನ್ನು ಹೊಡೆದುಹಾಕುವ ಮೊದಲು ಎರಡು ನಿಮಿಷ ನಿಘಂಟು ನೋಡಿ. ಎರಡೂ ಅಲ್ಲಿದ್ದರೆ, ಬರೆದವರು ಉದ್ದಕ್ಕೂ ಒಂದನ್ನೇ ಬಳಸಿದ್ದರೆ, ಹಾಗೇ ಬಿಡಿ.

ಕೈ ಪಳಗಿಸಲು ಥ್ರೈವ್‌ನಿಂದ ಶುರು ಮಾಡಿ. ಥ್ರೋವ್ ಇಳಿದು ಥ್ರೈವ್ಡ್ ಏರುವುದು ಗ್ರಾಫಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ, ಮೊದಲ ಸಲಕ್ಕೆ ಹೇಳಿ ಮಾಡಿಸಿದ ಜೋಡಿ. ಆಮೇಲೆ ಪ್ಲೀಡೆಡ್ ಮತ್ತು ಪ್ಲೆಡ್ ತೆಗೆದುಕೊಂಡು ಅಮೆರಿಕ, ಬ್ರಿಟನ್ ಎರಡರಲ್ಲೂ ನೋಡಿ. ಬ್ರಾಡ್‌ಕಾಸ್ಟ್ ಸ್ವಲ್ಪ ಕಷ್ಟದ್ದು. ಅದರ ವಿ1, ವಿ2, ವಿ3 ಮೂರೂ ಒಂದೇ ಆಗಿರುವುದರಿಂದ ಬರೀ ಪದ ಹುಡುಕಿದರೆ ಏನೂ ತಿಳಿಯುವುದಿಲ್ಲ. ಹ್ಯಾಡ್ ಬ್ರಾಡ್‌ಕಾಸ್ಟ್ ಮತ್ತು ಹ್ಯಾಡ್ ಬ್ರಾಡ್‌ಕಾಸ್ಟೆಡ್ ಅಂತ ಕೊಟ್ಟು ನೋಡಿ.